ಪುಷ್ಪಮಾಲಾ ಅವರ ಬೆಳದಿಂಗಳ ಹೆಣ್ಣಿನಂಥ ಸ್ಟುಡಿಯೋ ಚಿತ್ರ: ಬೆಳಕು, ಪರದೆ, ಮತ್ತು ಫೋಟೋ ಯಾರದ್ದು ಎಂಬ ತಕರಾರು

ತೆರೆಮರೆ

ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000ದಿಂದ 2004ರವರೆಗೆ ಬೆಂಗಳೂರಿನಲ್ಲಿ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್' ಫೋಟೋ ಸರಣಿ ಇಲ್ಲಿ ಹೆಚ್ಚಿನವರಿಗೆ ಗೊತ್ತಿರುತ್ತದೆ. ಅದರಲ್ಲಿ ರವಿವರ್ಮನ 1889ರ ಬೆಳದಿಂಗಳ ಹೆಣ್ಣಿನ ತೈಲಚಿತ್ರವನ್ನು, ಪುಷ್ಪಮಾಲಾ ಅವರೇ ವೇಷ ತೊಟ್ಟು, ಸ್ಟುಡಿಯೋದೊಳಗೆ ಮತ್ತೆ ಕಟ್ಟಿದ್ದಾರೆ. ಅದೇ ಬಗೆಯ ಒಂದು ಚಿತ್ರವನ್ನು ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸಬೇಕಿದೆ. ಕೋಣೆ 15 ಅಡಿ ಅಗಲ, 22 ಅಡಿ ಉದ್ದ, ಚಾವಣಿ 10 ಅಡಿ. ಇರುವುದು 400 ವಾಟ್-ಸೆಕೆಂಡಿನ ಎರಡು ಫ್ಲ್ಯಾಶ್, ಒಂದು ಸಾಫ್ಟ್‌ಬಾಕ್ಸ್ (ಫ್ಲ್ಯಾಶ್ ಬೆಳಕನ್ನು ಮೃದುವಾಗಿಸುವ ಪೆಟ್ಟಿಗೆ), ಫುಲ್ ಫ್ರೇಮ್ ಕ್ಯಾಮೆರಾ, 50 ಮತ್ತು 85 ಎಂಎಂ ಲೆನ್ಸ್.

ಕೇಳಬೇಕಿರುವುದು ಮೂರು. ಬೆಳದಿಂಗಳು ನೀಲಿ ಮಸಿಯಾಗದಂತೆ ಹೇಗೆ? ಹಿನ್ನೆಲೆಯ ಚಿತ್ರದ ಪರದೆ ಹೇಗೆ ಬರೆಯುವುದು? ಕೊನೆಗೆ ಚಿತ್ರದ ಕೆಳಗೆ ಯಾರ ಹೆಸರು, ಕುಳಿತವಳದ್ದೋ ಕ್ಲಿಕ್ಕಿಸಿದವಳದ್ದೋ?

ಎಫ್‌_ಹನ್ನೊಂದು

ಮೊದಲನೆಯದಕ್ಕೆ ಉತ್ತರ. ಬೆಳದಿಂಗಳಿಗೆಂದು ಫ್ಲ್ಯಾಶ್‌ಗೆ ನೀಲಿ ಕಾಗದ ಕಟ್ಟಬೇಡಿ. ಅದರ ಉಲ್ಟಾ ಮಾಡಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್, ಅಂದರೆ ಯಾವ ಬೆಳಕನ್ನು ಬಿಳಿ ಎಂದು ಓದಬೇಕು ಅನ್ನುವ ಸೆಟ್ಟಿಂಗ್, 3200 ಕೆಲ್ವಿನ್‌ಗೆ ಇಡಿ. ಮುಂದಿನ ಸಾಫ್ಟ್‌ಬಾಕ್ಸ್‌ಗೆ ಪೂರ್ತಿ ಸಿಟಿಒ, ಅಂದರೆ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ (ಜೆಲ್) ಹಾಕಿ. ಆಗ ಮುಖದ ಬಣ್ಣ ಸಹಜವಾಗಿ ಉಳಿಯುತ್ತದೆ, ಹಿಂದಿನಿಂದ ಬರುವ ಬರಿ ಫ್ಲ್ಯಾಶ್ ತಾನಾಗಿಯೇ ನೀಲಿಯಾಗುತ್ತದೆ. ನೀಲಿ ಅತಿಯಾಯಿತು ಅನ್ನಿಸಿದರೆ ಹಿಂದಿನದಕ್ಕೆ ಕಾಲು ಸಿಟಿಒ ಸೇರಿಸಿ. ಮುಂದಿನ ಜೆಲ್ ಸುಮಾರು ಮುಕ್ಕಾಲು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ), ಅಷ್ಟು ಏರಿಸಿಕೊಳ್ಳಿ.

ಮುಖದ ಮೇಲೆ ನೇರ ನೀಲಿ ಬೆಳಕು ಯಾಕೆ ಬೇಡವೆಂದರೆ, ಕಂದು ಚರ್ಮ ಕೆಂಪನ್ನು ಹೆಚ್ಚು, ನೀಲಿಯನ್ನು ತೀರಾ ಕಡಿಮೆ ಹಿಂದಿರುಗಿಸುತ್ತದೆ. ಬರಿ ನೀಲಿಯಲ್ಲಿ ಅದು ಬೂದಿ ಬಳಿದಂತಾಗುತ್ತದೆ. ಜರಿ ಅಂಚೂ ಸತ್ತುಹೋಗುತ್ತದೆ.

ಹಿಂದಿನ ಫ್ಲ್ಯಾಶ್ 8 ಅಡಿ ಎತ್ತರದಲ್ಲಿ, ಬೆಳಕು ಹರಡದಂತೆ 20 ಡಿಗ್ರಿಯ ಜೇನುಗೂಡು ಜಾಲರಿ ಹಾಕಿ, ತಲೆ ಮತ್ತು ಭುಜಕ್ಕೆ ಗುರಿ ಮಾಡಿ. ಕ್ಯಾಮೆರಾದ ಅಪರ್ಚರ್ ಎಫ್11, ಐಎಸ್‌ಒ 100. ಹಿಂದಿನ ಬೆಳಕು ಮೀಟರಿನಲ್ಲಿ ಎಫ್11 ದಾಟಬಾರದು. ಮಾಮೂಲಿ ಪೋರ್ಟ್ರೇಟ್‌ನಲ್ಲಿ ಹಿಂಬೆಳಕನ್ನು ಒಂದು ಸ್ಟಾಪ್ ಜಾಸ್ತಿ ಇಡುತ್ತೇವಲ್ಲ, ಇಲ್ಲಿ ಆ ಅಭ್ಯಾಸವೇ ಕೈಕೊಡುತ್ತದೆ. ಬಿಳಿ ಸೀರೆ, ಎಕ್ಸ್‌ಪೋಷರ್ ಅಳೆಯಲು ಬಳಸುವ ಬೂದು ಕಾರ್ಡಿಗಿಂತ ಎರಡು ಸ್ಟಾಪ್ ಮೇಲಿರುತ್ತದೆ, ಇನ್ನೊಂದು ಸೇರಿದರೆ ನೆರಿಗೆಯೆಲ್ಲ ಸುಟ್ಟು ಬಿಳಿ ತೇಪೆಯಾಗುತ್ತದೆ. ಮುಖ ಒಂದೂವರೆ ಸ್ಟಾಪ್ ಕಡಿಮೆ ಇರಲಿ.

ಸಾಫ್ಟ್‌ಬಾಕ್ಸ್ ಮುಖಕ್ಕೆ 1 ಮೀಟರ್ ಹತ್ತಿರ ತನ್ನಿ. ಪರದೆ ಮುಖದಿಂದ ಒಂದೂವರೆ ಮೀಟರ್ ಹಿಂದಿದ್ದರೆ ಅಲ್ಲಿಗೆ ತಲುಪುವ ಹೊತ್ತಿಗೆ ಈ ಬೆಳಕು ಎರಡೂವರೆ ಸ್ಟಾಪ್‌ಗಿಂತ ಹೆಚ್ಚು ಇಳಿದಿರುತ್ತದೆ. ಅದೇ ಪೆಟ್ಟಿಗೆಯನ್ನು ಎರಡೂವರೆ ಮೀಟರ್ ದೂರ ಇಟ್ಟರೆ ಇಳಿಯುವುದು ಒಂದೂಕಾಲು ಸ್ಟಾಪ್ ಚಿಲ್ಲರೆ ಮಾತ್ರ. ಆಗ ಪರದೆಯ ಮೇಲೂ ಹಳದಿ ಹರಡಿ ರಾತ್ರಿಯೇ ಇಲ್ಲದಂತಾಗುತ್ತದೆ.

ಬೆಳ್ಳಿಲವಣ

ಲೆಕ್ಕ ಸರಿ, ಆದರೆ ಪರದೆಗೆ ಬೆಳಕು ಎಲ್ಲಿಂದ? ಮುಖವೇ ಒಂದೂವರೆ ಕಡಿಮೆ, ಪರದೆ ಅದಕ್ಕಿಂತ ಎರಡೂವರೆ ಕಡಿಮೆ. ಒಟ್ಟು ನಾಲ್ಕು ಸ್ಟಾಪ್ ಕೆಳಗೆ. ಬರೆದ ಪರದೆ ಕಪ್ಪು ಗೋಡೆಯಾಗಿ ಕಾಣುತ್ತದೆ. ಅಷ್ಟು ಬಣ್ಣ ಬಳಿದದ್ದು ಯಾಕೆ ಮತ್ತೆ?

ಎಫ್‌_ಹನ್ನೊಂದು

ಒಪ್ಪಿದೆ, ಅದು ತಪ್ಪಿತ್ತು. ಮೂರನೇ ಫ್ಲ್ಯಾಶ್ ಇಲ್ಲದಿದ್ದರೆ ಎರಡು ಎಲ್‌ಇಡಿ ಪ್ಯಾನೆಲ್ ಸಾಕು. 5600 ಕೆಲ್ವಿನ್‌ಗೆ ಇಟ್ಟು ಎರಡೂ ಪಕ್ಕದಿಂದ ಪರದೆಗೆ ಮಾತ್ರ ಬೀಳುವಂತೆ ಕಪ್ಪು ರಟ್ಟು ಅಡ್ಡ ಇಡಿ. ಶಟರ್ ಅರ್ಧ ಸೆಕೆಂಡಿನಿಂದ ಶುರುಮಾಡಿ. ಫ್ಲ್ಯಾಶ್ ಮೈಯನ್ನು ಹಿಡಿಯುತ್ತದೆ, ಉಳಿದ ಹೊತ್ತು ಪರದೆ ತುಂಬಿಕೊಳ್ಳುತ್ತದೆ. ಕೋಣೆಯ ಬೇರೆ ದೀಪ, ಫ್ಲ್ಯಾಶ್‌ನ ಮಾಡೆಲಿಂಗ್ ಲ್ಯಾಂಪ್ ಎಲ್ಲ ಆರಿಸಲೇಬೇಕು, ಇಲ್ಲವಾದರೆ ಮೂಗಿನ ಪಕ್ಕ ಎರಡನೇ ಮೂಗು ಮಸುಕಾಗಿ ಮೂಡುತ್ತದೆ. ಕುಳಿತವರ ಬೆನ್ನಿಗೆ, ಸೀರೆಯ ಮರೆಯಲ್ಲಿ ಒಂದು ಆಸರೆ ಕೊಡಿ. ಹಳೆಯ ಸ್ಟುಡಿಯೋಗಳಲ್ಲಿ ತಲೆಯ ಹಿಂದೆ ಕಬ್ಬಿಣದ ಹಿಡಿಕೆ ಇರುತ್ತಿದ್ದುದೂ ಇದಕ್ಕೇ.

ಶಟರ್‌ಗೊಣಗ

ಇಷ್ಟೆಲ್ಲ ಯಾಕೆ? ಹಸಿರು ಪರದೆ ಮುಂದೆ ಕೂರಿಸಿ, ಬೆಳದಿಂಗಳನ್ನು ಕಂಪ್ಯೂಟರಿನಲ್ಲಿ ಅಂಟಿಸಿದರೆ ಮುಗಿಯಿತು.

ಚೌಕಟ್ಟಿನಾಚೆ

ಅಂಟಿಸಿದ್ದು ಗೊತ್ತಾಗದಂತೆ ಅಂಟಿಸುತ್ತೀರಿ, ತೊಂದರೆ ಅಲ್ಲಿದೆ. ಈ ಸರಣಿಯಲ್ಲಿ ಪರದೆ ಪರದೆಯಾಗಿಯೇ ಕಾಣಬೇಕು. ಸರಣಿಯ ಒಂದು ಭಾಗದ ಹೆಸರೇ 'ಪ್ರೋಸೆಸ್', ಚಿತ್ರ ಕಟ್ಟುವ ಕೆಲಸವನ್ನೇ ಅದು ತೋರಿಸುತ್ತದೆ. ಮೂಲಗಳ ಪಟ್ಟಿ ನೋಡಿ: ರವಿವರ್ಮನ ತೈಲಚಿತ್ರ, ಅವನ ಪ್ರೆಸ್ಸಿನ ಲಕ್ಷ್ಮಿ, ಆದಿಲ್‌ಶಾಹಿ ಕಾಲದ ವಿಜಯಪುರದ ಯೋಗಿನಿ, ವೇಳಾಂಕಣಿ ಮಾತೆ, ಜಯಲಲಿತಾ ಅವರ ತಮಿಳು ಸಿನಿಮಾ ಸ್ಟಿಲ್, 90ರ ದಶಕದ ಕನ್ನಡ ಸಿನಿಮಾ ಸ್ಟಿಲ್, ಪತ್ರಿಕೆಯಲ್ಲಿ ಬಂದ ಅಪರಾಧಿಗಳ ಫೋಟೋ. ದೇವಿ, ನಾಯಕಿ, ಕಳ್ಳಿ, ಎಲ್ಲದರಲ್ಲೂ ಅದೇ ಒಂದು ಮುಖ. ನಮಗೆ ಪರಿಚಯವಿರುವ 'ಹೆಣ್ಣು' ಅನ್ನುವುದು ಎಷ್ಟು ಮಂದಿ ಬರೆದ ಪರದೆ, ಎಷ್ಟು ಮಂದಿ ಇಟ್ಟ ದೀಪ ಎಂದು ಗೊತ್ತಾಗಬೇಕಾದರೆ ಹೊಲಿಗೆ ಕಾಣಬೇಕು.

ಹಾಗಾಗಿ 85 ಎಂಎಂ ಲೆನ್ಸ್ ಬ್ಯಾಗಿನಲ್ಲೇ ಇರಲಿ. ಹಿನ್ನೆಲೆ ಕರಗಿದರೆ ಸುಂದರ ಪೋರ್ಟ್ರೇಟ್ ಬರುತ್ತದೆ, ಈ ಕೆಲಸ ಬರುವುದಿಲ್ಲ.

ಎಫ್‌_ಹನ್ನೊಂದು

ಅದಕ್ಕೆ ಸಂಖ್ಯೆ ಕೊಡುತ್ತೇನೆ. 85 ಎಂಎಂ, ಎಫ್11, ಫೋಕಸ್ ಮೂರೂವರೆ ಮೀಟರ್: ಚುರುಕಾಗಿರುವುದು ಸುಮಾರು 3ರಿಂದ 4.2 ಮೀಟರ್. ಪರದೆ 5 ಮೀಟರಿನಲ್ಲಿದೆ, ಅಲ್ಲಿಗೆ ಮಂಜು. 50 ಎಂಎಂ, ಎಫ್11, ಫೋಕಸ್ 3 ಮೀಟರ್: 2.1ರಿಂದ ಹತ್ತಿರ ಹತ್ತಿರ 5 ಮೀಟರ್. ಪರದೆ ನಾಲ್ಕೂವರೆಯಲ್ಲಿ, ಕುಂಚದ ಗೆರೆಯೂ ಕಾಣುತ್ತದೆ. ಅಡ್ಡ ಚೌಕಟ್ಟಿನಲ್ಲಿ ಆ ದೂರಕ್ಕೆ 10 ಅಡಿ 8 ಅಂಗುಲ ಅಗಲ, 7 ಅಡಿ ಎತ್ತರ ಪರದೆ ಬೇಕಾಗುತ್ತದೆ. ನಿಮ್ಮ 22 ಅಡಿಯ ಕೋಣೆಯಲ್ಲಿ ಹಿಂದೆ ನಿಲ್ಲಲು ಇನ್ನೂ 7 ಅಡಿ ಉಳಿಯುತ್ತದೆ.

ಕೋರಾಬಟ್ಟೆ

ಹಂಗಾರ ಪರದೆ 12 ಅಡಿ ಅಗಲ, 9 ಅಡಿ ಎತ್ತರ ಮಾಡ್ರಿ. ದಪ್ಪ ಕೋರಾ ಬಟ್ಟಿ ತಗೋರಿ. ತುಂಡು ಜೋಡಿಸೋ ಮುಂದ ಹೊಲಿಗಿ ಅಡ್ಡ ಬರಬೇಕು, ಉದ್ದ ಅಲ್ಲ. ಮ್ಯಾಲಿನ ಪೈಪಿನಿಂದ ಬಟ್ಟಿ ಜೋತು ಬಿದ್ದಾಗ ಅಡ್ಡ ಹೊಲಿಗಿ ತನ್ನ ಭಾರಕ್ಕ ತಾನ ಬಿಗಿಯಾಗಿ ಚಪ್ಪಟಿ ಕೂಡ್ತದ. ಉದ್ದ ಹೊಲಿಗಿ ಸುಕ್ಕು ಹಿಡೀತದ, ಪಕ್ಕದ ಬೆಳಕಿಗೆ ಗೆರಿ ಹೊಡಿತದ. ಬಟ್ಟಿ ನೀರಿಗೆ ಬಿದ್ದರ ಕುಗ್ಗತದ, ಅದಕ್ಕ ಸುತ್ತ ಅರ್ಧ ಅಡಿ ಜಾಸ್ತಿ ಬಿಡ್ರಿ.

ಅಸ್ತರಿಗೆ, ಅಂದರ ಬಣ್ಣಕ್ಕಿಂತ ಮೊದಲ ಹಚ್ಚೋ ಲೇಪಕ್ಕ: ಬಿಳಿ ಅಂಟು ಅರ್ಧ ಕೆ.ಜಿ., ನೀರು 3 ಲೀಟರ್, ಸೀಮೆಸುಣ್ಣದ ಪುಡಿ 1 ಕೆ.ಜಿ. ಸೋಸಿ ಹಚ್ಚರಿ. ಅಂಟು ಹೆಚ್ಚಾದರ ಸುರುಳಿ ಸುತ್ತೋ ಮುಂದ ಬಿರುಕು, ಕಡಿಮಿ ಆದರ ಕೈಗೆ ಪುಡಿ ಹತ್ತತದ. ಒಂದು ಮೂಲಿಯೊಳಗ ಹಚ್ಚಿ ಒಣಗಿಸಿ, ಮಡಚಿ ನೋಡಿ, ಆಮ್ಯಾಲೆ ಪೂರ್ತಿ ಹಚ್ಚರಿ. ಬಣ್ಣಕ್ಕ ಒಣ ಪುಡಿಬಣ್ಣ, ಅದೇ ಅಂಟುನೀರು. ಗೋಡಿಗೆ ಹಚ್ಚೋ ಹೊಳಪಿನ ಎಮಲ್ಷನ್ ಬ್ಯಾಡ. ಎಲ್‌ಇಡಿ ಪಕ್ಕದಿಂದ ಬಿದ್ದ ಕೂಡಲೆ ಆಕಾಶದಾಗ ಎಣ್ಣಿ ಸುರುವಿದಂಗ ಕಾಣ್ತದ. ಇನ್ನೊಂದು, ಈ ಬಣ್ಣ ಹಸಿ ಇದ್ದಾಗ ಗಾಢ, ಒಣಗಿದ ಮ್ಯಾಲೆ ಭಾಳ ತಿಳಿ. ರಾತ್ರಿ ಆಕಾಶ ಅಂತ ಬರೆದಿದ್ದು ಮರುದಿನ ಮುಂಜಾನಿ ಆಗಿರ್ತದ! ಮೊದಲ ಕಾಗದದ ಮ್ಯಾಲೆ ಒಣಗಿಸಿ ನೋಡ್ರಿ.

ಎಲ್ಲಕ್ಕಿಂತ ದೊಡ್ಡ ತಪ್ಪು ದಿಗಂತದ್ದು. ಲೆನ್ಸ್ ನೆಲದಿಂದ ಎಷ್ಟು ಎತ್ತರ ಇರ್ತದೋ ಪರದಿಯೊಳಗಿನ ನೀರು ಮತ್ತ ಆಕಾಶ ಕೂಡೋ ಗೆರಿನೂ ಅಷ್ಟೇ ಎತ್ತರ ಇರಬೇಕು. ಕುಂತ ಹೆಣ್ಣಿಗೆ ಲೆನ್ಸ್ ಮೂರೂವರಿ ಅಡಿಗೆ ಇಡ್ತೀರಿ, ದಿಗಂತನೂ ಮೂರೂವರಿ. 5 ಅಡಿಗೆ ಬರೆದರ ಆಕಿ ಬಾವಿಯೊಳಗ ಕುಂತಂಗ ಕಾಣ್ತಾಳ. ಕಂಪನಿ ನಾಟಕದ ಪರದಿಯೊಳಗ ಇದಕ್ಕ ಅಷ್ಟು ಬಿಗಿ ಇಲ್ಲ, ಜನ ಎಲ್ಲಾ ಕಡಿಂದ ನೋಡ್ತಾರ. ಕ್ಯಾಮೆರಾಕ್ಕ ಒಂದ ಕಣ್ಣು.

ಚಂದ್ರಗ ನಾಕು ಅಂಗುಲ ಕಿಂಡಿ ಕತ್ತರಿಸಿ ಹಿಂದ ಬಟರ್ ಪೇಪರ್ ಅಂಟಿಸಿ, ಅದರ ಹಿಂದ 5 ವಾಟಿನ ಬಲ್ಬ್. ಹೆಂಗೂ ಅರ್ಧ ಸೆಕೆಂಡ್ ಶಟರ್ ತೆರದಿರ್ತೀರಲ್ಲ, ಬೀಳ್ತದ. ಪರದಿ ಮಡಚಬ್ಯಾಡ್ರಿ, ಪೈಪಿಗೆ ಸುತ್ತಿ ಇಡ್ರಿ.

ಚೌಕಟ್ಟಿನಾಚೆ

ದಿಗಂತದ ಮಾತು ಬಂದದ್ದು ಒಳ್ಳೆಯದಾಯಿತು. ಲೆನ್ಸ್ ಎತ್ತರ ತಾಂತ್ರಿಕ ವಿಷಯ ಮಾತ್ರವಲ್ಲ. ಕುಳಿತ ಹೆಣ್ಣನ್ನು ನಿಂತ ಗಂಡಸಿನ ಕಣ್ಣೆತ್ತರದಿಂದ, ಐದೂವರೆ ಅಡಿಯಿಂದ ತೆಗೆದು ನೋಡಿ. ಹಣೆ ದೊಡ್ಡದಾಗಿ, ಗಲ್ಲ ಸಣ್ಣದಾಗಿ, ಕಣ್ಣು ಮೇಲಕ್ಕೆ ಬೇಡುವಂತಾಗುತ್ತದೆ. ಎರಡೂವರೆ ಅಡಿಗೆ ಇಳಿಸಿದರೆ ಅವಳೇ ದೇವಿ. ವಿದ್ಯಾರ್ಥಿಗಳಿಗೆ ಮೂರು ಎತ್ತರದಲ್ಲಿ ಅದೇ ಭಂಗಿ ತೆಗೆಸಿ, ಪಕ್ಕಪಕ್ಕ ಇಡಿಸಿ.

ಶಟರ್‌ಗೊಣಗ

ಇದೆಲ್ಲ ಸರಿ. ನನ್ನ ತಕರಾರು ಬೇರೆ. ಪುಷ್ಪಮಾಲಾ ಓದಿದ್ದು ಬರೋಡಾದಲ್ಲಿ ಶಿಲ್ಪಕಲೆ. ಈ ಸರಣಿಯಲ್ಲಿ ಕ್ಯಾಮೆರಾ ಹಿಂದೆ ಇದ್ದದ್ದು ಕ್ಲೇರ್ ಆರ್ನಿ. ಎದುರು ನಿಂತವರನ್ನು ಛಾಯಾಗ್ರಾಹಕಿ ಅನ್ನುವುದು ಹೇಗೆ? ನಟಿಯನ್ನು ಸಿನಿಮಾಟೋಗ್ರಾಫರ್ ಅಂದಂತಾಯಿತು.

ಚೌಕಟ್ಟಿನಾಚೆ

ಆ ಸರಣಿ ಇಬ್ಬರ ಹೆಸರಿನಲ್ಲೂ ಇದೆ, ಅಲ್ಲಿ ಗೊಂದಲವಿಲ್ಲ. ನಿಮ್ಮ ಪ್ರಶ್ನೆ ಗಟ್ಟಿಯಾಗುವುದು ಪುಷ್ಪಮಾಲಾ ಅವರ ಇನ್ನೊಂದು ಫೋಟೋ ಸರಣಿ 'ನವರಸ ಸೂಟ್'ನಲ್ಲಿ. ಅದನ್ನು ತೆಗೆದದ್ದು ಮುಂಬೈಯಲ್ಲಿ ಜೆ.ಎಚ್. ಠಕ್ಕರ್ ಅವರ ಇಂಡಿಯಾ ಫೋಟೋ ಸ್ಟುಡಿಯೋದಲ್ಲಿ. ಹಿಂದಿ ಚಿತ್ರರಂಗದ ತಾರೆಯರನ್ನು ದಶಕಗಳ ಕಾಲ ತೆಗೆದ ಜಾಗ ಅದು. ಭಂಗಿ, ವೇಷ, ರಸ ಪುಷ್ಪಮಾಲಾಳದ್ದು. ಬೆಳಕಿನ ವ್ಯಾಕರಣ ಆ ಹಳೆಯ ಗಂಡಸಿನದ್ದು. ಅವಳು ಹುಡುಕಿಕೊಂಡು ಹೋದದ್ದೂ ಆ ವ್ಯಾಕರಣವನ್ನೇ. ಚಿತ್ರ ಯಾರದ್ದು?

ಇನ್ನೊಂದು ತುದಿಯಿಂದ ನೋಡಿ. ಲಂಡನ್ನಿನ ಛಾಯಾಗ್ರಾಹಕಿ ಮೇಡಮ್ ಇವಾಂಡ್ 1914ರಲ್ಲಿ, 21ನೇ ವಯಸ್ಸಿಗೆ ಸ್ವಂತ ಸ್ಟುಡಿಯೋ ತೆರೆದವಳು. ಹೆಣ್ಣುಮಕ್ಕಳ ಮತದಾನದ ಚಳವಳಿಯಲ್ಲಿದ್ದವಳು. 1921ರಲ್ಲಿ ವೃತ್ತಿಪರ ಛಾಯಾಗ್ರಾಹಕರ ಸಮ್ಮೇಳನದಲ್ಲಿ ಹೆಣ್ಣಿನ ದೃಷ್ಟಿಯಿಂದ ಪೋರ್ಟ್ರೇಟ್ ಅಂದರೇನು ಎಂದು ಭಾಷಣ ಮಾಡಿದಳು. 1935ರಲ್ಲಿ ಶ್ರೀಮಂತ ಹೆಂಗಸರನ್ನು ಗ್ರೀಕ್ ರೋಮನ್ ದೇವತೆಯರ ವೇಷದಲ್ಲಿ ಬಣ್ಣದಲ್ಲಿ ತೆಗೆದ ಅವಳ ಸರಣಿ ಪ್ರಸಿದ್ಧ: ತಲೆತುಂಬ ಹಾವಿನ ಮೆಡುಸಾ, ಪಿಸ್ತೂಲು ಹಿಡಿದ ಮಿನರ್ವಾ. ಕ್ಲಿಕ್ಕಿಸಿದ್ದು ಅವಳೇ. ಆದರೆ ಆ ಬಣ್ಣ ಮುದ್ರಣವಾಗಿದ್ದು ವಿಲ್ಸ್‌ಡನ್‌ನ ವಿವೆಕ್ಸ್ ಕಾರ್ಖಾನೆಯಲ್ಲಿ, ತಂತ್ರಜ್ಞರ ಕೈಯಲ್ಲಿ. ಅದನ್ನು ಯಾರೂ ಕಾರ್ಖಾನೆಯ ಚಿತ್ರ ಅನ್ನುವುದಿಲ್ಲ. ಗುಂಡಿ ಒತ್ತುವ ಬೆರಳಿಗೆ ಮಾತ್ರ ಇಷ್ಟು ಮರ್ಯಾದೆ ಯಾಕೆ?

ಬೆಳ್ಳಿಲವಣ

ವಿವೆಕ್ಸ್ ಬಗ್ಗೆ ಒಂದು ಮಾತು, ಅದು ಇವಾಂಡ್ ಚಿತ್ರಗಳ ಭಂಗಿಯನ್ನೇ ತಿದ್ದಿದೆ. ಕೆಂಪು, ಹಸಿರು, ನೀಲಿ ಫಿಲ್ಟರ್ ಮೂಲಕ ಮೂರು ಬೇರೆ ನೆಗೆಟಿವ್. ಒಂದಾದ ಮೇಲೊಂದು ಪ್ಲೇಟ್ ಜಾರುವ ಕ್ಯಾಮೆರಾದಲ್ಲಿ ಮೂರೂ ಮುಗಿಯಲು ಒಂದೆರಡು ಸೆಕೆಂಡು. ಅವನ್ನು ಸಯಾನ್, ಮೆಜೆಂಟಾ, ಹಳದಿ ವರ್ಣದ್ರವ್ಯದ ಜೆಲಟಿನ್ ಪದರಗಳಾಗಿಸಿ ಒಂದರ ಮೇಲೊಂದು ಕೂರಿಸುವುದು. ರೆಪ್ಪೆ ಬಡಿದರೆ ರೆಪ್ಪೆಯ ಸುತ್ತ ಬಣ್ಣದ ಅಂಚು. ಅದಕ್ಕೇ ಆ ದೇವತೆಯರೆಲ್ಲ ಕಲ್ಲಿನಂತೆ ಕೂತಿರುವುದು. ಅವಳು ಆ ಸೆಡವನ್ನೇ ಶೈಲಿ ಮಾಡಿಕೊಂಡಳು. 1939ರಲ್ಲಿ ಯುದ್ಧ ಬಂದು ವಿವೆಕ್ಸ್ ಮುಚ್ಚಿತು, ಅವಳು ಮತ್ತೆ ಕಪ್ಪುಬಿಳುಪಿಗೆ ಮರಳಿದಳು.

ಕರಾರುಪತ್ರ

ಮರ್ಯಾದೆಯ ಪ್ರಶ್ನೆ ಬಿಡಿ, ಕಾನೂನು ಸರಳ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೋದ ಕರ್ತೃ ಅಂದರೆ ಫೋಟೋ ತೆಗೆದ ವ್ಯಕ್ತಿ. ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಮಾಲೀಕತ್ವ ತೆಗೆಸಿದವರದ್ದು. ಆಗಲೂ ಕರ್ತೃ ತೆಗೆದವರೇ. 2012ರ ತಿದ್ದುಪಡಿಯ ನಂತರ ಅವಧಿ ಕರ್ತೃವಿನ ಆಯುಷ್ಯ ಮತ್ತು ಆಮೇಲೆ 60 ವರ್ಷ.

ಪರಿಕಲ್ಪನೆ, ವೇಷ, ಭಂಗಿ ಕೊಟ್ಟವರು ಬಾಯಿಮಾತಿನ ಮೇಲೆ ನಂಬಿಕೂತರೆ ಕಾಗದದಲ್ಲಿ ಅವರು ಎಲ್ಲೂ ಇರುವುದಿಲ್ಲ. ಕ್ಲಿಕ್ಕಿಗೆ ಮೊದಲೇ ಒಂದು ಪುಟ ಬರೆದು ಸಹಿ ಮಾಡಿಸಿ: ಜಂಟಿ ಹೆಸರು, ಹೆಸರುಗಳ ಕ್ರಮ, ಪ್ರಿಂಟ್ ಎಷ್ಟು, ಮಾರಾಟದ ಪಾಲು, ನೆಗೆಟಿವ್ ಅಥವಾ ರಾ ಫೈಲ್ ಯಾರ ಬಳಿ. ಹಕ್ಕು ವರ್ಗಾವಣೆ ಇದ್ದರೆ ಅವಧಿ ಮತ್ತು ಪ್ರದೇಶ ನಮೂದಿಸಿ. ಬರೆಯದಿದ್ದರೆ ಕಾನೂನು 5 ವರ್ಷ ಮತ್ತು ಭಾರತ ಎಂದಷ್ಟೇ ಓದಿಕೊಳ್ಳುತ್ತದೆ.

ಶಟರ್‌ಗೊಣಗ

ಅಂತೂ ಕಾನೂನು ನನ್ನ ಕಡೆ.

ಚೌಕಟ್ಟಿನಾಚೆ

ಕಾನೂನು ಟ್ರೈಪಾಡ್‌ನ ಹಿಂದೆ ಒಬ್ಬನೇ ನಿಲ್ಲುತ್ತಾನೆ ಎಂದುಕೊಂಡಿದೆ. ಸ್ಟುಡಿಯೋ ಚರಿತ್ರೆ ಹಾಗಿಲ್ಲ. ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳ್ 1892ರಲ್ಲಿ ಪರ್ದಾ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದರು. ಅದನ್ನು ನಡೆಸಿದ್ದು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಹೆಂಗಸು. ಸ್ಟುಡಿಯೋ ಹೆಸರಿನಲ್ಲಿ ಉಳಿದದ್ದು ಯಾರೆಂದು ನಿಮಗೇ ಗೊತ್ತು.

ತೆರೆಮರೆ

ಸರಣಿಯ ಇನ್ನೊಂದು ಭಾಗದಲ್ಲಿ ಚೌಕುಳಿ ಹಿನ್ನೆಲೆಯ ಮುಂದೆ ಮೈ ಅಳತೆಯ ಫೋಟೋಗಳಿವೆಯಲ್ಲ, ಅದನ್ನೂ ಮಾಡಿಸಬಹುದೇ?

ಎಫ್‌_ಹನ್ನೊಂದು

ಬೇರೆ ಬೇರೆ ಜನಾಂಗಗಳ ಮೈ ಅಳೆಯುವ ಆ ಪದ್ಧತಿ ಇಂಗ್ಲೆಂಡಿನ ಜಾನ್ ಲ್ಯಾಂಪ್ರಿ 1869ರಲ್ಲಿ ಪ್ರಕಟಿಸಿದ್ದು. 7 ಅಡಿ ಎತ್ತರ, 3 ಅಡಿ ಅಗಲದ ಮರದ ಚೌಕಟ್ಟು, ಎರಡೆರಡು ಅಂಗುಲಕ್ಕೆ ಮೊಳೆ, ಮೊಳೆಯಿಂದ ಮೊಳೆಗೆ ರೇಷ್ಮೆ ದಾರ. ಲೆಕ್ಕ ಹಾಕಿದರೆ ಒಳಗೆ ಅಡ್ಡ 41, ಉದ್ದ 17 ದಾರ. ಅದರ ಮುಂದೆ ಬೆತ್ತಲೆ ಮನುಷ್ಯನನ್ನು ನಿಲ್ಲಿಸಿದರೆ ಫೋಟೋದಿಂದಲೇ ಅಳತೆ ತೆಗೆಯಬಹುದು ಎಂಬ ಯೋಜನೆ. 1890ರ ದಶಕದಲ್ಲಿ ಅಂಡಮಾನಿನಲ್ಲಿ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಬಳಸಿದ್ದು ಬಣ್ಣ ಬಳಿದ ಚೌಕುಳಿ ಹಲಗೆ.

ಯೋಜನೆಯಲ್ಲೇ ಒಂದು ಸುಳ್ಳಿದೆ. ಜಾಲರಿ ಮೈಗಿಂತ ಹಿಂದಿದೆ. 3 ಮೀಟರಿನಲ್ಲಿ ಮೈ, ಅರ್ಧ ಅಡಿ ಹಿಂದೆ ಜಾಲರಿ ಅಂದರೆ ಮೈ ಶೇಕಡಾ 5ರಷ್ಟು ದೊಡ್ಡದಾಗಿ ಕಾಣುತ್ತದೆ. 5 ಅಡಿಯವಳು 5 ಅಡಿ 3 ಅಂಗುಲ. ಮುಂದೆ ಚಾಚಿದ ಕೈ ಇನ್ನೂ ಹೆಚ್ಚು. ವಿದ್ಯಾರ್ಥಿಗಳು ಟೇಪಿನಲ್ಲಿ ಅಳೆದು, ಫೋಟೋದಲ್ಲಿ ಅಳೆದು ಹೋಲಿಸಲಿ. ದಾರಕ್ಕಿಂತ ಬರೆದ ಚೌಕುಳಿ ಸುಲಭ, ದಾರದ ನೆರಳು ಹಿಂದಿನ ಗೋಡೆಗೆ ಬಿದ್ದು ಎರಡೆರಡು ಗೆರೆ ಕಾಣುತ್ತದೆ.

ಬೆಳ್ಳಿಲವಣ

ಮಾಡಿಸಬಹುದು, ಆದರೆ ವಿದ್ಯಾರ್ಥಿಗಳು ತೋಡ, ಕಾಡುಕುರುಬ ಎಂದು ವೇಷ ಹಾಕಿಕೊಳ್ಳುವುದು ಬೇಡ. ಪುಷ್ಪಮಾಲಾ ತನ್ನ ಮೈಯನ್ನೇ ಆ ಅಳತೆಗೋಲಿಗೆ ಒಡ್ಡಿದ್ದು ಧೈರ್ಯದ ಕೆಲಸ, ಒಪ್ಪುತ್ತೇನೆ. ಆದರೂ ಸಮುದಾಯದ ಹೆಸರು ಆ ಬುಡಕಟ್ಟಿನವರದ್ದು, ಅದನ್ನು ಕಳಚಿಡುವ ಸೌಲಭ್ಯ ಕಲಾವಿದೆಗೆ ಇದೆ, ಅವರಿಗಿಲ್ಲ.

ಚೌಕಟ್ಟಿನಾಚೆ

ಈ ಟೀಕೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಿಮ್ಮ ಕಾಲೇಜಿನ ಗುರುತಿನ ಚೀಟಿಯ ಭಂಗಿಯಲ್ಲೇ, ಅವರವರ ಬಟ್ಟೆಯಲ್ಲೇ ನಿಲ್ಲಿಸಿ. ಚೌಕುಳಿ ತನ್ನ ಕೆಲಸ ತಾನು ಮಾಡುತ್ತದೆ.

ಮೇಕಪ್ ವಿಷಯ ಯಾರೂ ಎತ್ತಿಲ್ಲ. ಓಲಿಯೋಗ್ರಾಫಿನ, ಅಂದರೆ ರವಿವರ್ಮ ಪ್ರೆಸ್ಸಿನ ಬಣ್ಣದ ಅಚ್ಚಿನ ಲಕ್ಷ್ಮಿಯ ಮೈ ಗುಲಾಬಿ. ಅದನ್ನು ಹಿಡಿಯಲು ಎರಡು ಛಾಯೆ ಬೆಳ್ಳಗಿನ ಪ್ಯಾನ್‌ಸ್ಟಿಕ್ (ದಪ್ಪ ಮೇಕಪ್) ಬಳಿಯುವ ಆಸೆ ಹುಟ್ಟುತ್ತದೆ. ಬಳಿಯುವುದಾದರೆ ಕುತ್ತಿಗೆಯ ಬಳಿ ನಿಲ್ಲಿಸಿ, ಗೆರೆ ಕಾಣಲಿ. ಬಳಿಯದಿದ್ದರೆ ಇನ್ನೂ ಒಳ್ಳೆಯದು. ಎಕ್ಸ್‌ಪೋಷರನ್ನು ಕ್ಯಾಮೆರಾದ ಮೀಟರಿನಿಂದಲ್ಲ, ಮುಖದ ಬಳಿ ಹಿಡಿದು, ಅಲ್ಲಿ ಬೀಳುವ ಬೆಳಕನ್ನು ಅಳೆಯುವ ಇನ್ಸಿಡೆಂಟ್ ಮೀಟರಿನಿಂದ ತೆಗೆದುಕೊಳ್ಳಿ. ಕ್ಯಾಮೆರಾ ಮೀಟರ್ ಕಪ್ಪು ಚರ್ಮವನ್ನೂ ಬಿಳಿ ಚರ್ಮವನ್ನೂ ಒಂದೇ ಬೂದು ಮಾಡಲು ಎಳೆಯುತ್ತದೆ. ಬಣ್ಣದ ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಬಣ್ಣ ಸರಿಮಾಡಿಕೊಳ್ಳುತ್ತಿದ್ದ ಕೊಡಕ್‌ನ ಶರ್ಲಿ ಕಾರ್ಡಿನಲ್ಲಿ ಬಿಳಿಯ ಹೆಣ್ಣೊಬ್ಬಳ ಮುಖ ಇರುತ್ತಿತ್ತು. ಸರಿಯಾದ ಚರ್ಮ ಯಾವುದು ಅನ್ನುವುದನ್ನೂ ಒಂದು ಹೆಣ್ಣಿನ ಪೋರ್ಟ್ರೇಟ್‌ನಿಂದಲೇ ಅಳೆದರು ನೋಡಿ.

ತೆರೆಮರೆ

ಕೊನೆಯದು. ಪುಷ್ಪಮಾಲಾ ಅವರ 1998ರ 'ಸುನಹರೇ ಸಪನೇ' ಸರಣಿಯ ಥರ ಕಪ್ಪುಬಿಳುಪು ಪ್ರಿಂಟಿಗೆ ಕೈಯಲ್ಲಿ ಬಣ್ಣ ತುಂಬುವುದು ಒಂದು ಮಧ್ಯಾಹ್ನದಲ್ಲಿ ಆಗುತ್ತದೆಯೇ?

ಬೆಳ್ಳಿಲವಣ

ಬಣ್ಣ ಹಚ್ಚಲು ಮಧ್ಯಾಹ್ನ ಸಾಕು, ಒಣಗಲು ಸಾಲದು. ಫೈಬರ್ ಬೇಸ್, ಮ್ಯಾಟ್ ಕಾಗದವೇ ಆಗಬೇಕು. ಪ್ಲಾಸ್ಟಿಕ್ ಲೇಪದ ಹೊಳಪು ಕಾಗದದ ಮೇಲೆ ಬಣ್ಣ ಜಾರುತ್ತದೆ. ಪ್ರಿಂಟನ್ನು ಮಾಮೂಲಿಗಿಂತ ತುಸು ತಿಳಿಯಾಗಿ ಮಾಡಿ, ಕಪ್ಪು ನೆರಳಿನ ಮೇಲೆ ಯಾವ ಬಣ್ಣವೂ ಕಾಣುವುದಿಲ್ಲ.

ಮೊದಲು ಸೆಪಿಯಾ, ಅಂದರೆ ಪ್ರಿಂಟನ್ನು ಕಂದು ಮಾಡುವುದು. ಕಪ್ಪುಬಿಳುಪಿನ ಮೇಲೆ ನೇರ ಹಚ್ಚಿದರೆ ಕೆನ್ನೆ ಬೂದುಗುಲಾಬಿಯಾಗಿ ಹೆಣದ ಕಳೆ ಬರುತ್ತದೆ. 1 ಲೀಟರ್ ನೀರಿಗೆ ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಪೊಟ್ಯಾಸಿಯಂ ಬ್ರೋಮೈಡ್ ತಲಾ 25 ಗ್ರಾಂ. ಚಿತ್ರ ತಿಳಿಹಳದಿಯಾಗುವವರೆಗೆ ಅದರಲ್ಲಿಟ್ಟು, ಹಳದಿ ನೀರು ಹೋಗುವಂತೆ ತೊಳೆದು, ಆಮೇಲೆ ಲೀಟರಿಗೆ 20 ಗ್ರಾಂ ಸೋಡಿಯಂ ಸಲ್ಫೈಡ್ ದ್ರಾವಣ. ಒಂದು ನಿಮಿಷದೊಳಗೆ ಕಂದು ಬರುತ್ತದೆ. ಸಲ್ಫೈಡನ್ನು ತೆರೆದ ಜಾಗದಲ್ಲಿ, ಕೈಗವಸು ಹಾಕಿ ಬಳಸಿ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ವಿಷ, ಬಳಸದ ಫೋಟೋ ಕಾಗದವನ್ನೂ ಹಾಳುಮಾಡುತ್ತದೆ. ಎರಡೂ ದ್ರಾವಣಗಳಿಗೆ ಆಮ್ಲ ಸೋಕಲೇಬಾರದು. ಪ್ರಿಂಟ್‌ನಲ್ಲಿ ಹೈಪೋ (ಫಿಕ್ಸರ್ ರಾಸಾಯನಿಕ) ಉಳಿದಿದ್ದರೆ ತಿಳಿ ಭಾಗಗಳು ಕರಗಿಹೋಗುತ್ತವೆ, ಅದಕ್ಕೆ ಮೊದಲು ಒಂದು ಗಂಟೆ ಹರಿಯುವ ನೀರಿನಲ್ಲಿ ತೊಳೆದಿರಬೇಕು.

ಒಣಗಿದ ಮೇಲೆ ಪಾರದರ್ಶಕ ಎಣ್ಣೆಬಣ್ಣ. ಕಡ್ಡಿಗೆ ಹತ್ತಿ ಸುತ್ತಿ, ಟರ್ಪೆಂಟೈನ್ ಒಂದು ತೊಟ್ಟು, ಬಟಾಣಿ ಕಾಳಿನ ಕಾಲುಭಾಗದಷ್ಟು ಬಣ್ಣ. ದೊಡ್ಡ ಜಾಗ ಮೊದಲು, ಹಿನ್ನೆಲೆಯಿಂದ ಮುಖದ ಕಡೆಗೆ. ತುಟಿ, ಕುಂಕುಮ, ಸೀರೆಯ ಅಂಚು ಕೊನೆಗೆ. ಗೆರೆ ದಾಟಿದ ಬಣ್ಣವನ್ನು ಒಣ ಹತ್ತಿಯಿಂದ ಆಗಲೇ ಎತ್ತಬಹುದು, ಮರುದಿನ ಆಗುವುದಿಲ್ಲ. ಧೂಳಿಲ್ಲದ ಪೆಟ್ಟಿಗೆಯಲ್ಲಿ ಮೂರು ದಿನ ಚಪ್ಪಟೆಯಾಗಿ ಇಡಿ, ಮಳೆಗಾಲವಾದರೆ ಒಂದು ವಾರ.

ಕೋರಾಬಟ್ಟೆ

ಪರದಿ ಬರೆದವರ ಹೆಸರೂ ಆ ಕರಾರಿನ ಕಾಗದದಾಗ ಒಂದು ಸಾಲು ಹಾಕ್ರಿ ಮತ್ತ.

ಕರಾರುಪತ್ರ

ಹಾಕಲೇಬೇಕು. ಬರೆದ ಪರದೆ ಬೇರೆಯದೇ ಕಲಾಕೃತಿ, ಅದರ ಕರ್ತೃ ನೀವು.